ಸ್ವಲ್ಪ ಆರಾಮಿಲ್ಲಂತ

ನಮ್ಮ ಕಡೆ ಯಾರೂ ಸಾಯುವುದಿಲ್ಲ. ಅವರಿಗೆ ಸ್ವಲ್ಪ ಆರಾಮಿರುವುದಿಲ್ಲ, ಅಷ್ಟೆ. ಸಾವಿನ ಸುದ್ದಿ ತಂದವನು ಬಾಗಿಲಲ್ಲಿ ನಿಂತು ಮೊದಲು ನೀರು ಕೇಳುತ್ತಾನೆ, ಬೆಳೆ ಹೇಗಿದೆ ಅನ್ನುತ್ತಾನೆ, ಆಮೇಲೆ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, “ನಿಮ್ಮ ದೊಡ್ಡಪ್ಪಗ ಸ್ವಲ್ಪ ಆರಾಮಿಲ್ಲಂತ, ಜಲ್ದಿ ಬರಬೇಕಂತ” ಎನ್ನುತ್ತಾನೆ. ಕೇಳಿದ ಗಂಡಸರು ತಲೆಯಾಡಿಸಿ ಬಿಳಿ ಬಟ್ಟೆ ತರಲು ಅಂಗಡಿಗೆ ನಡೆಯುತ್ತಾರೆ. ಸತ್ತವನ ಹೆಂಡತಿಗೋ ಮಗಳಿಗೋ ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನಿದ್ದ ಊರ ಅಗಸೆ ಬಾಗಿಲಿಗೆ ಹೋಗಿ ಸಾವಿನ ಹಲಗೆಯ ಸಪ್ಪಳ ಕೇಳಿದಾಗ ಅವಳಾಗಿಯೇ ತಿಳಿದುಕೊಳ್ಳಬೇಕು. ಇದಕ್ಕೆ ಕರುಣೆ ಎಂದು ಹೆಸರು. ನನ್ನನ್ನು ಕೇಳಿದರೆ, ಇಷ್ಟು ಕ್ರೂರವಾದ ಕರುಣೆ ಬೇರೆ ಯಾವ ಸೀಮೆಯಲ್ಲೂ ಇರಲಾರದು.

ಕಂಪ್ಲಿಯ ಹೊಳೆಮ್ಮ ಈ ಕರುಣೆಯ ರುಚಿಯನ್ನು ಒಮ್ಮೆ ಕಂಡಿದ್ದಳು. ಈ ಕಥೆಗೆ ನಾಲ್ಕು ವರ್ಷ ಮೊದಲು ಅವಳ ತವರು ಮಲಪನಗುಡಿಯಿಂದ, ಅಪ್ಪನಿಗೆ ನೆಗಡಿ ಜ್ವರ ಎಂದು ಹೇಳಿಕಳಿಸಿದ್ದರು. ಅವಳು ಜೋಳದ ಗಂಜಿ ಕಾಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದಳು. ಬಂಡಿಯಲ್ಲಿದ್ದ ಎಲ್ಲರಿಗೂ ವಿಷಯ ಗೊತ್ತಿತ್ತು. ಗಂಜಿ ಆರಿತೇನೋ ಎಂದು ಅವಳು ಗಡಿಗೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಎಲ್ಲರೂ ಹೊಲ ನೋಡುತ್ತ ಕೂತಿದ್ದರು. ಅಪ್ಪ ಹೋದ ದುಃಖ ವರ್ಷದೊಳಗೆ ಹಗುರಾಯಿತು. ಆ ಗಡಿಗೆಯ ನಾಚಿಕೆ ಹೋಗಲಿಲ್ಲ. ಅದು ನೆನಪಾದಾಗೆಲ್ಲ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಹಾಗಾಗಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷ, ಹೋಳಿ ಹುಣ್ಣಿಮೆಯ ಮರುವಾರ, ಗಂಡನ ಅಣ್ಣ ಪಂಪಣ್ಣ ಬೆಳಿಗ್ಗೆ ಅವಳ ಬಾಗಿಲಿಗೆ ಬಂದು ನೀರು ಕೇಳಿದಾಗಲೇ ಹೊಳೆಮ್ಮನಿಗೆ ಸಂಶಯ ಬಂತು. ಪಂಪಣ್ಣನ ಮನೆ ಪಕ್ಕದ್ದೇ. ಅವನ ಮನೆಯಲ್ಲೂ ನೀರಿತ್ತು.

“ಗಾಳೆಪ್ಪಗ ಸ್ವಲ್ಪ ಆರಾಮಿಲ್ಲಂತ,” ಎಂದ. “ಮೂಕಣ್ಣ ಸಂಡೂರಿಂದ ಬಂದಾನ, ಅಂವ ಹೇಳಿದ. ನಿನ್ನ ಕರಕೊಂಡು ಜಲ್ದಿ ಬರಬೇಕಂತ.”

ಗಾಳೆಪ್ಪ ಹೊಳೆಮ್ಮನ ಗಂಡ. ಹೊಲದ ಕೆಲಸ ಮುಗಿದೊಡನೆ ಬಂಡಿ ಕಟ್ಟಿಕೊಂಡು ಸಂಡೂರಿನ ಗುಡ್ಡಕ್ಕೆ ಹೋಗಿ, ಅಲ್ಲಿಯ ಮ್ಯಾಂಗನೀಸ್ ಅದಿರನ್ನು ಕೆಳಗಿನ ರೈಲಿಗೆ ಸಾಗಿಸಿ, ಮಳೆಗಾಲಕ್ಕೆ ಮನೆಗೆ ಬರುತ್ತಿದ್ದ. ಮೂಕಣ್ಣ ಅವನ ಜೊತೆಯ ಬಂಡಿಯವನು.

“ಏನಾಗೇತಂತ್ರಿ ಭಾವ?”

“ಕಾಲಿಗೆ ಏನೋ ಪೆಟ್ಟಂತ. ಜ್ವರಂತ. ದೊಡ್ಡದೇನಿಲ್ಲ.”

“ಹಂಗಾದ್ರ ನಡ್ರಿ, ಒಂಬತ್ತರ ಮೋಟಾರಿಗೆ ಹೋಗಾನ.”

“ಇವತ್ತು ಬ್ಯಾಡ. ಮರಿಯಮ್ಮನಹಳ್ಳಿ ತಂಗಿಗೆ ಹೇಳಿ ಕಳಿಸೀನಿ, ಮಾವಗೂ ಹೇಳಿ ಕಳಿಸೀನಿ. ಅವರು ಬರಲಿ. ನಾಳೆ ಎಲ್ಲಾರೂ ಕೂಡೇ ಹೋಗಾನ.” ಹೀಗೆಂದವನು ಕೊಟ್ಟ ನೀರನ್ನು ಕುಡಿಯದೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹೋದ.

ಕಾಲಿನ ಪೆಟ್ಟು ನೋಡಲು ಮರಿಯಮ್ಮನಹಳ್ಳಿಯ ತಂಗಿ ಯಾಕೆ? ಸೋದರಮಾವ ಯಾಕೆ? ಹೊಳೆಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ಮೂಕಣ್ಣ ಬಂಡಿ ಹೊಡೆದುಕೊಂಡು ಊರಿಗೆ ಬರಲು ಎರಡು ದಿನ. ನಾಳೆಗೆ ಮೂರನೆಯ ದಿನ. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಡುತ್ತಾರೆ, ಅದಕ್ಕೆ ಮಾವ ಬೇಕು, ತಂಗಿ ಬೇಕು. ಲೆಕ್ಕ ಸರಿಯಾಗಿ ಕೂತಿತು.

ಅಷ್ಟರಲ್ಲಿ ಪಂಪಣ್ಣನ ಹೆಂಡತಿ ವಿರುಪಮ್ಮ ಬಂದಳು. ಕರೆಯದೆಯೇ ಹೊಳೆಮ್ಮನ ಮೂರು ವರ್ಷದ ಮಗಳಿಗೆ ಉಣಿಸಿದಳು. ಹೊಳೆಮ್ಮನನ್ನು ಕೂರಿಸಿ ಎಣ್ಣೆ ಹಚ್ಚಿ ತಲೆ ಬಾಚಿದಳು, ಹಣೆಗೆ ಕಾಸಗಲ ಕುಂಕುಮ ಇಟ್ಟಳು, ಹಸಿರು ಬಳೆ ಏರಿಸಿದಳು, ಮೊಳದುದ್ದ ಮಲ್ಲಿಗೆ ಮುಡಿಸಿದಳು. ಬುಧವಾರ, ಹಬ್ಬವಲ್ಲ ಹುಣ್ಣಿಮೆಯಲ್ಲ. ಕೊನೆಯ ಸಲ ಮುಡಿಸುವ ಹೂವು ಎಂಥದ್ದೆಂದು ಹೊಳೆಮ್ಮ ಬೇರೆಯವರ ತಲೆಯಲ್ಲಿ ನೋಡಿದ್ದಳು.

“ಅಕ್ಕಾ, ಖರೇ ಹೇಳು,” ಎಂದಳು.

“ಏನೈತಿ ಹೇಳಾಕ? ಆರಾಮಿಲ್ಲಂತ, ಅಷ್ಟ.” ವಿರುಪಮ್ಮ ಬಾಚಣಿಗೆಯ ಕೂದಲು ತೆಗೆಯುವ ನೆಪದಲ್ಲಿ ಆಚೆ ತಿರುಗಿದಳು.

ಹೊಳೆಮ್ಮ ಮನೆಯಲ್ಲಿ ಕೂರಲಾರದೆ ಹೊರಬಿದ್ದಳು. ಮೂಕಣ್ಣನ ಮನೆಗೆ ಹೋದರೆ, ಅವನು ಎತ್ತು ನೋಡಲು ಹರಿಗೋಲಿನಲ್ಲಿ ಹೊಳೆ ದಾಟಿ ನಿಜಾಮರ ಸೀಮೆಗೆ ಹೋಗಿದ್ದಾನೆ, ಬರುವುದು ನಾಳೆ ಎಂದರು. ಗುಡಿಯ ಕಟ್ಟೆಯ ಮೇಲೆ ಹಿರಿಯರಾದ ಚನ್ನಯ್ಯ ಕೂತಿದ್ದರು, ಯಾರಿಗೂ ಒಂದು ಸುಳ್ಳು ಹೇಳಿದವರಲ್ಲ ಎಂದು ಹೆಸರಾದವರು. ಅವರನ್ನು ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. “ದೇವರು ಅದಾನ ತಂಗಿ,” ಎಂದು ಕಣ್ಣು ಮುಚ್ಚಿಕೊಂಡರು. ಅದಕ್ಕಿಂತ ಸುಳ್ಳೇ ವಾಸಿಯಿತ್ತು.

ಆ ವರ್ಷ ಇಡೀ ಊರೇ ಸುದ್ದಿಯನ್ನು ತಿರುವಿ ಹಾಕಿ ಕೇಳುವುದನ್ನು ಕಲಿತಿತ್ತು. ಅಕ್ಕಿಗೇನೂ ಕೊರತೆಯಿಲ್ಲ ಎಂದು ಡಂಗುರ ಹೊಡೆದ ಸಂಜೆಯೇ ಜನ ಚೀಲ ಹಿಡಿದು ಓಡಿದ್ದರು. ಭಯಪಡುವ ಕಾರಣವಿಲ್ಲ ಎಂದು ಪತ್ರಿಕೆಯಲ್ಲಿ ಓದಿದವರು ಮದರಾಸಿನಲ್ಲಿದ್ದ ಮಕ್ಕಳನ್ನು ಊರಿಗೆ ಕರೆಸಿಕೊಂಡಿದ್ದರು. ಹಾಗಿರುವಾಗ ‘ದೊಡ್ಡದೇನಿಲ್ಲ’ ಎಂಬ ಮಾತನ್ನು ಯಾರು ತಾನೆ ನೆಟ್ಟಗೆ ಕೇಳಿಯಾರು?

ಬೀದಿಯ ನಡುವೆ ನಿಂತು ಹೊಳೆಮ್ಮ ಯೋಚಿಸಿದಳು. ನನ್ನ ಮೇಲೆ ಪ್ರೀತಿಯಿರುವ ಯಾರೂ ನನಗೆ ನಿಜ ಹೇಳುವುದಿಲ್ಲ. ಪರಿಚಯವಿದ್ದವರೂ ಹೇಳುವುದಿಲ್ಲ. ಹೇಳಬೇಕಾದರೆ ನಾನು ಹಾಳಾಗಲಿ ಎಂದು ಬಯಸುವವರೇ ಹೇಳಬೇಕು. ಹಾಗೆ ಬಯಸುವವಳು ಊರಿನಲ್ಲಿ ಒಬ್ಬಳೇ ಇದ್ದಳು.

ಹರಿಗೋಲು ನಿಲ್ಲುವ ಕಟ್ಟೆಯ ಬಳಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಮಾರುತ್ತಿದ್ದ ಎರ್ರಮ್ಮ. ಮೂರು ವರ್ಷದ ಹಿಂದೆ ಹೊಳೆಮ್ಮನ ಆಡು, ಎರ್ರಮ್ಮ ಮಗಳ ಮದುವೆಗೆಂದು ಚಾಪೆಯ ಮೇಲೆ ಒಣಗಹಾಕಿದ್ದ ಸಂಡಿಗೆಯನ್ನು ಒಂದೂ ಉಳಿಸದೆ ಮೇಯ್ದಿತ್ತು. ಎರ್ರಮ್ಮ ಒನಕೆ ಬೀಸಿ ಆಡಿನ ಕಾಲು ಮುರಿದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬೈಯಬೇಕೆನಿಸಿದಾಗ ಎರ್ರಮ್ಮ ತನ್ನ ಕೋಳಿಗಳಿಗೆ ಬೈಯುವಳು, ತಗಲುವುದು ಹೊಳೆಮ್ಮನಿಗೆ. ಹೊಳೆ ದಾಟುವವರೆಲ್ಲ ಅವಳ ಅಂಗಡಿಯಲ್ಲಿ ಕೂತು ಎರಡು ಬಜ್ಜಿ ತಿಂದೇ ಹರಿಗೋಲು ಹತ್ತುತ್ತಿದ್ದರು. ಮೂಕಣ್ಣನೂ ತಿಂದಿರಬೇಕು. ಬಾಯಿ ಬಿಚ್ಚಿರಲೂಬೇಕು.

ಹೊಳೆಮ್ಮ ಅಂಗಡಿಯ ಮುಂದೆ ಹೋಗಿ ನಿಂತಳು. ಗಿರಾಕಿಗಳು ತಿನ್ನುವುದನ್ನು ಬಿಟ್ಟು ನೋಡಿದರು.

“ಎರ್ರಮ್ಮ, ನನ್ನ ಕಂಡ್ರ ನಿನಗ ಆಗಂಗಿಲ್ಲ. ಅದಕ್ಕ ನಿನ್ನ ಹತ್ರ ಬಂದೀನಿ. ಮೂಕಣ್ಣ ಇಲ್ಲಿ ಕುಂತು ಏನು ಹೇಳಿದ? ನನ್ನ ಗಂಡ ಅದಾನೋ ಇಲ್ಲೋ?”

ಎರ್ರಮ್ಮ ಅವಳ ತಲೆಯ ಹೂವು ನೋಡಿದಳು. ಹೊಸ ಬಳೆ ನೋಡಿದಳು. ಎಣ್ಣೆಯ ಜಾಲರಿ ಸೌಟನ್ನು ಕೆಳಗಿಟ್ಟು, ಬೆಂಚು ಒರೆಸಿ, “ಕುಂದ್ರು,” ಎಂದಳು. ಒಳಗಿನಿಂದ ನೀರು ತಂದುಕೊಟ್ಟಳು.

ಹೊಳೆಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. ಎರ್ರಮ್ಮನಂಥ ಎರ್ರಮ್ಮನೇ ಕುಂದ್ರು ಎಂದಳೆಂದರೆ ಇನ್ನೇನು ಉಳಿಯಿತು?

“ಅದಾನ,” ಎಂದಳು ಎರ್ರಮ್ಮ, ಮೆಲ್ಲಗೆ. “ಗುಡ್ಡ ಇಳಿಯೋ ಮುಂದ ಬಂಡಿ ಜಾರಿ ಗಾಲಿ ಪಾದದ ಮ್ಯಾಲೆ ಹೋಗೇತಂತ. ಬಳ್ಳಾರಿ ದವಾಖಾನಿಗೆ ಒಯ್ಯಬೇಕು ಅಂತಾರಂತ. ಹೆಂಡ್ತಿ ಬರೋತನಕ ಎತ್ತಾಕ ಬಿಡಂಗಿಲ್ಲ ಅಂತ ಹಟ ಹಿಡದು ಮಲಗ್ಯಾನಂತ. ಮೂಕಣ್ಣ ತನ್ನ ಕಣ್ಣಾರೆ ನೋಡಿ ಬಂದಾನ.”

“ನೀನೂ ಹಂಗ ಅಂತೀಯಲ್ಲ.” ಹೊಳೆಮ್ಮ ಅಳತೊಡಗಿದಳು. “ನೀನೂ ಸುಳ್ಳು ಹೇಳಾಕ ಹತ್ತಿದಿ.”

“ನಾ ಯಾಕ ಸುಳ್ಳು ಹೇಳಲಿ?”

“ನೀರು ಕೊಟ್ಟಿ. ಬೆಂಚು ಒರೆಸಿದಿ. ಹೋಗ್ಯಾನ ಅಂತ ಅಲ್ಲೇನು?”

ಎರ್ರಮ್ಮ ಮೂರು ವರ್ಷದಿಂದ ಕೋಳಿಗಳಿಗೆ ಹಂಚಿದ್ದನ್ನೆಲ್ಲ ಒಟ್ಟುಮಾಡಿ ಹೊರತೆಗೆದಳು.

“ಏ ಮಬ್ಬಿ, ನಿನಗ ನೀರು ಕೊಟ್ಟಿದ್ದು ನಂದ ತಪ್ಪಾತು. ನಿನ್ನ ಆಡು ನನ್ನ ಮಗಳ ಮದುವಿ ಸಂಡಿಗಿ ತಿಂದದ್ದು ಮರೆತೀನಿ ಅನ್ಕೊಂಡಿ? ನಿನ್ನಂಥಾಕಿಗೆ ಕರುಣಾ ತೋರಸಾಕ ನನಗೇನು ಹುಚ್ಚು ಹಿಡದೈತಿ? ಆ ಗಂಡಸು ಅಲ್ಲಿ ಕೊಳಿಯಾಕ ಹತ್ಯಾನ, ನೀ ಇಲ್ಲಿ ಮುಡಿ ತುಂಬ ಹೂ ಮುಡಕೊಂಡು ಊರು ತಿರಗಾಕ ಹತ್ತಿ. ನಿನ್ನ ಭಾವ ಬೆಳಿಗ್ಗೇನ ಬಿಳಿ ಬಟ್ಟಿ ಹರಿಸಿಕೊಂಡು ಹೋದ್ನಂತ, ಜೀವ ಇರೋನಿಗೆ. ಅವಗೂ ಬುದ್ಧಿ ಇಲ್ಲ, ನಿನಗೂ ಇಲ್ಲ. ಏಳು ಮ್ಯಾಲೆ, ಗಿರಾಕಿ ಕುಂದ್ರೋ ಜಾಗ ಅದು. ಹನ್ನೆರಡರ ಮೋಟಾರು ತಪ್ಪಿಸಿಕೊಂಡ್ರ ಅದು ನಿನ್ನ ಕರ್ಮ.”

ಆ ಮೂರು ವರ್ಷದಲ್ಲಿ ಇಷ್ಟು ಹಿತವಾದ ಮಾತನ್ನು ಹೊಳೆಮ್ಮನಿಗೆ ಯಾರೂ ಆಡಿರಲಿಲ್ಲ. ಅವಳು ಎದ್ದು, ಮುಡಿಯ ಮಲ್ಲಿಗೆಯನ್ನು ಕಿತ್ತು ಬೆಂಚಿನ ಮೇಲೆ ಹಾಕಿ, ಮನೆಯ ಕಡೆ ಓಡಿದಳು.

ಪಂಪಣ್ಣ ಅಂಗಳದಲ್ಲೇ ಇದ್ದ.

“ಭಾವ, ಬಿಳಿ ಬಟ್ಟಿ ಯಾಕ ತಂದ್ರಿ?”

ಪಂಪಣ್ಣನ ಮುಖ ಸಣ್ಣದಾಯಿತು.

“ಮೂಕಣ್ಣ ನಿಮಗ ಹಂಗಂತ ಹೇಳಿದ್ನೇನು? ಗಾಳೆಪ್ಪ ಇಲ್ಲ ಅಂತ ಅಂದ್ನೇನು?”

“ಆರಾಮಿಲ್ಲ ಅಂದ. ಕಾಲಿಗೆ ಪೆಟ್ಟು, ಕರಕೊಂಡು ಬರ್ರಿ ಅಂದ.”

“ಮತ್ತ ನೀವು ಮುಂದ ಕೇಳಲಿಲ್ಲೇನು?”

“ಅದನ್ನ ಕೇಳ್ತಾರೇನವ್ವಾ?” ಎಂದು ಪಂಪಣ್ಣ ಅತ್ತೇಬಿಟ್ಟ. ಬೆಳಗಿನಿಂದ ತಡೆದಿಟ್ಟದ್ದು ಅದು. ಕೆಟ್ಟ ಮನುಷ್ಯನಲ್ಲ ಪಂಪಣ್ಣ. ತಮ್ಮನನ್ನು ಎತ್ತಿ ಆಡಿಸಿದವನು. ತಮ್ಮ ಸತ್ತನೆಂದು ತಿಳಿದು, ಅವನ ಹೆಂಡತಿ ಒಂದು ದಿನ ಹೆಚ್ಚು ಮುತ್ತೈದೆಯಾಗಿರಲಿ ಎಂದು ನೀರು ಸಹ ಕುಡಿಯದೆ ತಿರುಗಾಡುತ್ತಿದ್ದ. ಮೂಕಣ್ಣ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಅದನ್ನು ಇದ್ದ ಹಾಗೆ ಕೇಳಿಸಿಕೊಳ್ಳುವ ಕಿವಿ ಮಾತ್ರ ಆ ಮನೆಯಲ್ಲಿರಲಿಲ್ಲ.

“ಯಾರು ಹೇಳಿದ್ರು ನಿನಗ ಅದಾನಂತ?” ಎಂದು ಕೇಳಿದ.

“ಎರ್ರಮ್ಮ.”

“ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು ನಿನಗ? ಆಕಿ ಮಾತು ನಂಬಿ ಹೊಂಟಿಯಾ? ನಾಳಿತನಕ ತಡಿ. ಮಾವ ಬರಲಿ.”

“ನೀವು ಮಾವನ್ನ ಕರಕೊಂಡು ನಾಳೆ ಬರ್ರಿ,” ಎಂದು ಹೊಳೆಮ್ಮ ಸೀರೆಯೊಂದನ್ನು ಗಂಟು ಕಟ್ಟಿಕೊಂಡಳು. ಮಗಳನ್ನು ವಿರುಪಮ್ಮನ ಸೊಂಟಕ್ಕೆ ಏರಿಸಿ, ಒಬ್ಬಳೇ ಹೋಗಿ ಹನ್ನೆರಡರ ಮೋಟಾರು ಹತ್ತಿದಳು.

ಪೆಟ್ರೋಲು ಸಿಗದ ಕಾಲ. ಮೋಟಾರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿರುತ್ತಿತ್ತು. ಏರು ಬಂದಲ್ಲೆಲ್ಲ ಅದು ಏದುಸಿರು ಬಿಟ್ಟು ನಿಲ್ಲುವುದು, ಕ್ಲೀನರ್ ಇಳಿದು ಗಾಳಿಯೂದುವ ಚಕ್ರವನ್ನು ತಿರುಗಿಸುವುದು, ಜನ ಇಳಿದು ತಳ್ಳುವುದು. ಕಮಲಾಪುರದ ಹತ್ತಿರ ಮುಕ್ಕಾಲು ಗಂಟೆ ನಿಂತಿತು. ಹೊಳೆಮ್ಮನೂ ಇಳಿದು ಗಂಡಸರ ಜೊತೆ ತಳ್ಳಿದಳು. ನಿಂತಲ್ಲಿ ನಿಲ್ಲಲು ಅವಳಿಂದ ಆಗುತ್ತಿರಲಿಲ್ಲ. ಎರ್ರಮ್ಮನ ಸಿಟ್ಟು ನಾಟಕವಾಗಿದ್ದರೆ? ನನ್ನನ್ನು ಊರಿನಿಂದ ಹೊರಡಿಸಲು ಎಲ್ಲರೂ ಸೇರಿ ಹೇಳಿಕೊಟ್ಟಿದ್ದರೆ? ಇಲ್ಲ, ಎರ್ರಮ್ಮನಿಗೆ ಸಂಡಿಗೆಯ ಸಿಟ್ಟು ನಿಜವಾದದ್ದು. ಆದರೆ ಮೂಕಣ್ಣ ಎರ್ರಮ್ಮನಿಗೂ ಸುಳ್ಳು ಹೇಳಿದ್ದರೆ? ನಂಬಿಕೆ ಎನ್ನುವುದು ಒಂದು ಸಲ ಕೊಟ್ಟು ಮುಗಿಸುವಂಥದ್ದಲ್ಲ, ಮೈಲಿಗೊಮ್ಮೆ ಮತ್ತೆ ಕೊಡಬೇಕು ಎಂದು ಅವಳಿಗೆ ಆ ದಿನ ಗೊತ್ತಾಯಿತು.

ಹೊಸಪೇಟೆಯಲ್ಲಿ ಗುಡ್ಡದ ಕಡೆಗೆ ಹೋಗುವ ರೈಲುಗಾಡಿ ಸಿಕ್ಕಿತು. ಅದಿರು ತರಲು ಹೊರಟ ಖಾಲಿ ಡಬ್ಬಿಗಳ ಕೊನೆಗೆ ಜನರಿಗೆಂದು ಒಂದೇ ಡಬ್ಬಿ. ಒಳಗೆ ಗಣಿಯ ಕೂಲಿಗೆ ಹೋಗುವ ಹೆಂಗಸರು ಗದ್ದಲವೆಬ್ಬಿಸುತ್ತ ಕೂತಿದ್ದರು. ಒಬ್ಬಳು ಕೇಳಿದಳು, “ಎಲ್ಲಿಗೆ ಹೊಂಟಿಯವ್ವ ಒಬ್ಬಾಕಿನ?”

“ಗಂಡನ ಹತ್ರ. ಅವಗ ಸ್ವಲ್ಪ ಆರಾಮಿಲ್ಲಂತ.”

ಡಬ್ಬಿಯ ಗದ್ದಲ ತಟ್ಟನೆ ನಿಂತಿತು. ಎದುರಿಗಿದ್ದವಳು ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಇನ್ನೊಬ್ಬಳು ಮಜ್ಜಿಗೆಯ ಚರಿಗೆ ಮುಂದೆ ಹಿಡಿದಳು. ಎಲ್ಲರೂ ಹೊರಗಿನ ಗುಡ್ಡ ನೋಡತೊಡಗಿದರು. ಇದ್ದ ಸಂಗತಿಯನ್ನೇ ಹೇಳಿ ತಾನು ಇಷ್ಟು ಜನರ ಮನಸ್ಸಿನಲ್ಲಿ ಗಂಡನನ್ನು ಕೊಂದುಬಿಟ್ಟೆನಲ್ಲ ಎಂದು ಹೊಳೆಮ್ಮನಿಗೆ ಭಯವಾಯಿತು. “ಅಂವ ಅದಾನವ್ವಾ, ಕಾಲಿಗೆ ಪೆಟ್ಟಾಗೇತಿ,” ಎಂದು ಬಿಡಿಸಿ ಹೇಳಿದಳು. ಅವರು ಇನ್ನಷ್ಟು ಕರುಣೆಯಿಂದ ತಲೆಯಾಡಿಸಿದರು. ಅವಳು ಮಜ್ಜಿಗೆ ಮುಟ್ಟಲಿಲ್ಲ.

ಗಾಡಿ ಇಳಿದಾಗ ಐದೂವರೆ. ಅದಿರಿನ ರಾಶಿಗಳ ಆಚೆ ತಗಡಿನ ಒಂದು ಔಷಧದ ಕೋಣೆ. ಬಾಗಿಲಲ್ಲಿ ನಿಂತಿದ್ದ ಮುದುಕ ಕಂಪೌಂಡರ್ ಕೊಟ್ರಯ್ಯನವರು ಅವಳ ಹೆಸರು ಕೇಳಿದೊಡನೆ, “ಬಂದ್ಯಾ ತಾಯಿ? ಈಗ ಬಂದ್ಯಾ?” ಎಂದರು. ಅವರ ದನಿಯಲ್ಲಿ ಕರುಣೆಯಿರಲಿಲ್ಲ, ಸಿಡುಕಿತ್ತು. ಹೊಳೆಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನು ಬದುಕಿದ್ದಾನೆ.

“ನಾಕು ದಿನಾತು ಬಳ್ಳಾರಿಗೆ ಹೋಗು ಅನ್ನಾಕ ಹತ್ತಿ,” ಎಂದರು ಕೊಟ್ರಯ್ಯನವರು. “ಏಳಕ್ಕ ಅದಿರಿನ ಗಾಡಿ ಐತಿ, ಅದರಾಗ ಹಾಕಿ ಕಳಸ್ತೀವಿ. ಇವತ್ತು ಹೋದ್ರ ಕಾಲು ಹೋಗತೈತಿ, ಜೀವ ಉಳಿತೈತಿ. ನಾಳೆ ಅಂದ್ರ ನಾ ಏನೂ ಹೇಳಂಗಿಲ್ಲ. ನಮ್ಮ ಮಾತು ನಂಬಂಗಿಲ್ಲವ್ವ ಅಂವ. ಗಣಿಯವರು ಕೈ ತೊಳಕೊಳ್ಳಾಕ ಕಳಸ್ತಾರ ಅಂತಾನ. ಮೊದಲು ಒಬ್ಬ ಹೋದಾಂವ ತಿರುಗಿ ಬರಲಿಲ್ಲ, ಅದೂ ಖರೇ.”

ಒಳಗೆ ಬಿದಿರಿನ ಮಂಚದ ಮೇಲೆ ಗಾಳೆಪ್ಪ ಮಲಗಿದ್ದ. ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು, ಕಣ್ಣು ಜ್ವರಕ್ಕೆ ಹೊಳೆಯುತ್ತಿದ್ದವು. ಅವಳನ್ನು ಕಂಡು ಮೊಣಕೈಯೂರಿ ಏಳಲು ನೋಡಿದ.

“ಬಂದ್ಯಾ? ನೋಡು ಬಾ ಇಲ್ಲಿ. ಇವರೆಲ್ಲಾ ಒಬ್ಬೊಬ್ಬರು ಒಂದೊಂದು ಹೇಳ್ತಾರ. ಕಂಪೌಂಡರು ಕೊಯ್ಯಬೇಕಂತಾನ. ಬಂಡಿಯವರು ಸೊಪ್ಪು ಕಟ್ಟಿದ್ರ ವಾಸಿ ಆಗತೈತಿ, ಏನೂ ಆಗಿಲ್ಲ ಅಂತಾರ. ನನಗ ತಿಳಿವಲ್ದು. ನೀ ಬಿಚ್ಚಿ ನೋಡು. ನೀ ಏನು ಹೇಳಿದ್ರ ಅದು.”

ಹೊಳೆಮ್ಮ ಬಟ್ಟೆ ಬಿಚ್ಚಿದಳು. ವಾಸನೆ ಮೊದಲು ಬಂತು. ಪಾದ ಕಪ್ಪಾಗಿತ್ತು, ಹಿಮ್ಮಡಿಯಿಂದ ಮೇಲಕ್ಕೂ ಕಪ್ಪು ಏರಿತ್ತು. ಅವಳು ಬೆರಳು ಒತ್ತಿದಳು. ಅವನಿಗೆ ಗೊತ್ತಾಗಲಿಲ್ಲ. ಅವನು ಕಾಲನ್ನು ನೋಡುತ್ತಲೇ ಇರಲಿಲ್ಲ, ಅವಳ ಮುಖ ನೋಡುತ್ತಿದ್ದ.

ಅವಳು ತಲೆಯೆತ್ತಿದಳು. ಇಷ್ಟು ಸೊರಗಿದ ಮುಖ. ಅದರ ಮೇಲೆ ಇನ್ನೊಂದು ಪೆಟ್ಟು ಹೇಗೆ ಹಾಕುವುದು?

“ಏನೂ ಆಗಿಲ್ಲ,” ಎಂದಳು. “ಸ್ವಲ್ಪ ಬಾತೈತಿ, ಅಷ್ಟ.”

ಮಾತು ತಾನಾಗಿಯೇ ಬಂದಿತ್ತು. ಗಾಳೆಪ್ಪ ಮೊಣಕೈ ಸಡಿಲಿಸಿ ಹಿಂದಕ್ಕೆ ಒರಗಿದ. ತಗಡಿನ ಮಾಡು ನೋಡುತ್ತ ಶಾಂತವಾಗಿ ಕೇಳಿದ.

“ಹಂಗಂದ್ರ ನಾ ಉಳಿಯಂಗಿಲ್ಲ, ಅಲ್ಲ?”

ಹೊಳೆಮ್ಮನಿಗೆ ಇಡೀ ದಿನದ ಸಿಟ್ಟೆಲ್ಲ ತನ್ನ ಮೇಲೆಯೇ ತಿರುಗಿತು. ಪಂಪಣ್ಣ ಮಾಡಿದ್ದನ್ನೇ ತಾನೂ ಮಾಡಿದ್ದಳು, ಅದೂ ಇಷ್ಟು ಸುಲಭವಾಗಿ. ಅವಳು ಗಂಡನ ಗಡ್ಡ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಸುಳ್ಳು ಹೇಳಿದೆ. ಕೇಳಿಲ್ಲಿ. ಕಾಲು ಸತ್ತೈತಿ. ಪಾದ ಪೂರಾ ಸತ್ತೈತಿ, ನಾ ಒತ್ತಿದ್ದು ನಿನಗ ಗೊತ್ತಾಗಲಿಲ್ಲ. ಅದನ್ನ ಕೊಯ್ಯಬೇಕು. ಇವತ್ತ ಹೋಗಬೇಕು. ಕಂಪೌಂಡರು ಹೇಳಿದ್ದು ಖರೇ.”

ಸತ್ತೈತಿ ಎಂಬ ಪದವನ್ನು ನಮ್ಮ ಕಡೆಯ ಹೆಂಗಸು ಗಂಡನ ಮುಂದೆ ಆಡುವುದಿಲ್ಲ. ಬಾಗಿಲಲ್ಲಿದ್ದ ಬಂಡಿಯವರು ತಲೆ ತಗ್ಗಿಸಿದರು. ಗಾಳೆಪ್ಪ ಅವಳನ್ನೇ ನೋಡಿದ.

“ಆಮ್ಯಾಲೆ ಬಂಡಿ ಹೊಡಿಯಾಕ ಬರತೈತಿ ನನಗ?”

ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ.

“ಬರಂಗಿಲ್ಲ,” ಎಂದಳು.

ಗಾಳೆಪ್ಪ ಅವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅವಳೂ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಅವನು ಹೊದಿಕೆಯ ಅಂಚಿನಿಂದ ಮುಖ ಒರೆಸಿಕೊಂಡ.

“ಎತ್ತಾಕ ಹೇಳು ಅವರಿಗೆ,” ಎಂದ.